ಬಿ ಸೈಡಿನ ಎರಡನೇ ಹಾಡು

ಮರವಂತೆ
12 ಜುಲೈ 1998

ಸುಧೀರ,

ಒಂದು ಕೆಟ್ಟ ಕನಸು ಬಿದ್ದಿದೆ. ಅದನ್ನು ಹೇಳದೆ ಕ್ಷೇಮ ಸಮಾಚಾರಕ್ಕೆ ಬರಲು ನನ್ನಿಂದಾಗುವುದಿಲ್ಲ. ನಾನು ಬಾಯಿ ತೆರೆದು ಕೂತಿದ್ದೇನೆ, ಬಾಯೊಳಗಿಂದ ಕ್ಯಾಸೆಟ್ಟಿನ ಟೇಪು ಬರುತ್ತಾ ಇದೆ. ಎಳೆದಷ್ಟೂ ಬರುತ್ತದೆ. ಅಮ್ಮ ಎದುರು ಕೂತು ಅದನ್ನು ಬಲೆಯ ನೂಲಿನ ಹಾಗೆ ಕೈಗೆ ಸುತ್ತಿಕೊಳ್ಳುತ್ತಾಳೆ. ಎಲ್ಲ ಸುತ್ತಿ ಮುಗಿದ ಮೇಲೆ ಅಮ್ಮಾ ಎಂದು ಕರೆಯಲು ನೋಡಿದರೆ ಸ್ವರವೇ ಇಲ್ಲ. ಎಚ್ಚರವಾದ ಮೇಲೆ ಗಂಟಲು ಮುಟ್ಟಿ ಮುಟ್ಟಿ ನೋಡಿಕೊಂಡೆ. ಇದಕ್ಕೆ ಏನಾದರೂ ಅರ್ಥ ಇರಬಹುದೇ? ನೀನು ಪಿಯುಸಿ ಓದಿದವನು, ತಿಳಿದವರ ಹತ್ತಿರ ಕೇಳಿ ಬರೆ.

ನೀನು ಮುಂಬೈಯಿಂದ ಕಳಿಸಿದ ಕಪ್ಪು ಕ್ಯಾಸೆಟ್ಟು ಮುಟ್ಟಿತು. ಅಸಲು ನಿನ್ನಲ್ಲೇ ಇಟ್ಟುಕೊಂಡು ನನಗೆ ತುಂಬಿಸಿ ಕಳಿಸಿದ್ದು ಒಳ್ಳೆಯದಾಯಿತು, ನನ್ನ ಕೈಯಲ್ಲಿ ಯಾವುದೂ ಉಳಿಯುವುದಿಲ್ಲ. ಮೊದಲು ನೀನು ಕಳಿಸುತ್ತಿದ್ದದ್ದೆಲ್ಲ ರಾಗ ಎಳೆದು ಹಾಡುವವರ ಇಂಗ್ಲಿಷ್ ಮೆಟಲ್ ಹಾಡುಗಳು. ಗಿಟಾರು, ಡ್ರಮ್ಮು ಚಂದ. ಆದರೆ ಹಾಡುವವನು ಬಾಯಿ ತೆರೆದ ಕೂಡಲೇ ನನ್ನನ್ನು ಜಗಲಿಯಿಂದ ಇಳಿಸಿ ಬಾಗಿಲು ಹಾಕಿದ ಹಾಗೆ ಆಗುತ್ತಿತ್ತು. ಅವನು ಯಾರಿಗೋ ಏನೋ ಹೇಳುತ್ತಾನೆ, ಅದು ನನಗಲ್ಲ. ಅಪ್ಪ ಕಡಲಲ್ಲಿ ತೀರಿಹೋದ ವರ್ಷ ಎಂಟನೇ ಕ್ಲಾಸನ್ನು ಅರ್ಧಕ್ಕೆ ಬಿಟ್ಟವನಿಗೆ ಇಂಗ್ಲಿಷ್ ಎಲ್ಲಿಂದ ಬರಬೇಕು? ಈ ಕಪ್ಪು ಕ್ಯಾಸೆಟ್ಟಿನವನದ್ದು ಹಾಗಲ್ಲ. ಅವನು ಹೊಟ್ಟೆಯೊಳಗಿಂದ ಗುರುಗುಡುತ್ತಾನೆ. ಇಂಗ್ಲಿಷ್ ಬರುವವರಿಗೂ ತಿಳಿಯಲಿಕ್ಕಿಲ್ಲ, ಹಾಗಾಗಿ ನಾನೂ ಅವರೂ ಒಂದೇ. ಬಿ ಸೈಡಿನ ಎರಡನೇ ಹಾಡಿನಲ್ಲಿ ಗಿಟಾರೆಲ್ಲ ನಿಂತು ಅವನ ಸ್ವರ ಮಾತ್ರ ಉಳಿಯುವ ಜಾಗ ಇದೆಯಲ್ಲ, ಅಲ್ಲಿ ನನಗೆ ಅಳು ಬಂತು. ಏನು ಹೇಳಿದ್ದೆಂದು ಗೊತ್ತಿಲ್ಲದೆ ಅಳುವುದು ಸರಿಯೋ ತಪ್ಪೋ?

ಪಕ್ಕದ ಮನೆ ಐತಣ್ಣನಿಗೂ ಕೇಳಿಸಿದೆ. “ಇದ್ ಹಾಡಾ ಮಾರಾಯ? ಬೋಟಿನ್ ಇಂಜಿನ್‌ಗೆ ನೀರ್ ಹೊಕ್ಕದ್ದಾ?” ಎಂದ. ಆದರೆ ಕೊನೆಯವರೆಗೂ ಕೂತ. ಮರುದಿನ ಅವನೇ ಬಂದು ಆ ಇಂಜಿನ್ ಹಾಕು ಎಂದ. ಅವನ ಹೆಂಡತಿ ಪುಷ್ಪಕ್ಕ ಬೇಲಿಯಾಚೆಯಿಂದ ಇಬ್ಬರನ್ನೂ ಬೈದಳು. ಊರಲ್ಲಿ ನನ್ನ ಜೊತೆ ಇದನ್ನು ಕೇಳುವವನು ಅವನೊಬ್ಬನೇ.

ನಾನೂ ಹಾಗೆ ಗುರುಗುಡಲು ಕಲಿಯುತ್ತಿದ್ದೇನೆ. ಗಂಗೊಳ್ಳಿಯ ಐಸ್ ಪ್ಲಾಂಟಿನಲ್ಲಿ ಐಸು ಒಡೆಯುವಾಗ ಮಿಷನಿನ ಶಬ್ದದಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಗಂಟಲಿಗೆ ಏನಾದರೂ ಆಗಿಬಿಟ್ಟರೆ ಎಂಬ ಹೆದರಿಕೆ ಮಾತ್ರ ಇದೆ. ನಗಬೇಡ.

ರತನ್

—

ಮುಂಬೈ
30 ಜುಲೈ 1998

ಪ್ರೀತಿಯ ರತನ್,

ನಿನ್ನ ಕನಸಿಗೆ ಅರ್ಥ ಕೇಳಿದೆ. ರಾತ್ರಿ ಒಣಮೀನು ಚಟ್ನಿ ಜಾಸ್ತಿ ತಿಂದಿದ್ದೀಯ ಎಂದರು.

ನಿನಗೆ ಆ ಕ್ಯಾಸೆಟ್ಟೇ ಹಿಡಿಸಿತಲ್ಲ, ಅದು ನನಗೆ ಆಶ್ಚರ್ಯ. ಫುಟ್‌ಪಾತಿನವನು ಬೇರೆ ಇಲ್ಲವೆಂದು ಕೊಟ್ಟದ್ದು ಅದು. ನನಗೆ ಅಂಥ ಸ್ವರ ಸೇರುವುದಿಲ್ಲ. ಬೆಳಿಗ್ಗೆಯಿಂದ ಸಂಜೆಯವರೆಗೆ ಕ್ಯಾಂಟೀನಿನಲ್ಲಿ ಗುರುಗುಟ್ಟುವವರು ಸಾಕಷ್ಟಿದ್ದಾರೆ, ಮತ್ತೆ ಕ್ಯಾಸೆಟ್ಟಿನಲ್ಲೂ ಯಾಕೆ? ನನಗೆ ಪದ ಬೇಕು. ಕ್ಯಾಸೆಟ್ಟಿನೊಳಗೆ ಮಡಚಿಟ್ಟ ಕಾಗದ ಬಿಡಿಸಿ, ಡಿಕ್ಷನರಿ ಪಕ್ಕದಲ್ಲಿಟ್ಟುಕೊಂಡು ಓದುತ್ತಾ ಕೇಳಬೇಕು. ಒಂದು ಸಾಲು ತಿಳಿದರೆ ಯಾರೋ ಹತ್ತಿರ ಬಂದು ಕೂತ ಹಾಗಾಗುತ್ತದೆ. ಪದ ತಿಳಿಯದ ಹಾಡು ಎಂದರೆ ಕೆಮ್ಮು, ಅಷ್ಟೇ.

ಈಗ ಮುಖ್ಯ ಸಂಗತಿ. ನಮ್ಮ ಕ್ಯಾಂಟೀನು ಇರುವ ಕಟ್ಟಡದ ಮೇಲಿನ ಮಾಳಿಗೆಯಲ್ಲಿ ಕಾಲೇಜಿನ ಹುಡುಗರು ಶನಿವಾರ ಶನಿವಾರ ಗಿಟಾರು, ಡ್ರಮ್ಮು ಬಾರಿಸುತ್ತಾರೆ. ಲೋಟ ತೆಗೆಯಲು ಹೋದಾಗ ಬಾಗಿಲ ಬಳಿ ಸ್ವಲ್ಪ ನಿಲ್ಲುತ್ತೇನೆ. ಅವರ ಹತ್ತಿರ ಎಲ್ಲ ಇದೆ, ನೀನು ಹೇಳುವಂಥ ಗಂಟಲಿನವನಿಲ್ಲ. ನಿನ್ನ ಸ್ವರ ಒಂದು ಕ್ಯಾಸೆಟ್ಟಿಗೆ ತುಂಬಿಸಿ ಕಳಿಸು. ಪದಗಳನ್ನು ನಾನು ಕನ್ನಡ ಅಕ್ಷರದಲ್ಲಿ ಬರೆದುಕೊಡುತ್ತೇನೆ, ನೀನು ಗುರುಗುಟ್ಟಿದರೆ ಸಾಕು. ಈಗ ರೈಲೇ ಬಂದಿದೆಯಲ್ಲ, ಕುಂದಾಪುರದಲ್ಲಿ ಹತ್ತಿದರೆ ಇಲ್ಲಿ ಇಳಿಯುವುದು. ಇಬ್ಬರೂ ಒಂದೇ ಖೋಲಿಯಲ್ಲಿ ಇರಬಹುದು. ಇಲ್ಲಿ ಜಾಗ ಕಡಿಮೆ, ಆದರೆ ಒಬ್ಬನಿಗೆ ಅದೇ ಜಾಸ್ತಿ.

ನಿನ್ನ
ಸುಧೀರ್

—

ಮರವಂತೆ
22 ಆಗಸ್ಟ್ 1998

ಸುಧೀರ,

ಒಂದು ದೊಡ್ಡ ಎಡವಟ್ಟು ಆಗಿದೆ. ಈ ಕಾಗದವನ್ನು ಬೇರೆ ಯಾರೂ ಓದದ ಹಾಗೆ ನೋಡಿಕೋ.

ಮುತ್ತಜ್ಜ ಹೋದ ಮೇಲೆ ನಮ್ಮ ಕುಟುಂಬದ ದೈವಕ್ಕೆ ಪಾತ್ರಿ ಇಲ್ಲ ಎಂದು ನಿನಗೆ ಗೊತ್ತಿದೆ. ದೈವ ಮೈಮೇಲೆ ಬಂದು ಮಾತಾಡಲು ಜನ ಇಲ್ಲದೆ ದರ್ಶನವೇ ನಿಂತುಹೋಗಿದೆ. ಪಾತ್ರಿಯನ್ನು ನಾವು ಆರಿಸುವಂತಿಲ್ಲ, ಕಾಯಬೇಕು, ವಾದ್ಯ ಗೀದ್ಯ ಏನೂ ಇಲ್ಲದೆ ಮನೆಯ ಒಬ್ಬನಿಗೆ ತಾನಾಗಿ ಸ್ವರ ಬಂದರೆ ಅವನೇ ಎಂದು ದೈವದ ಕೆಲಸ ನಡೆಸುವ ಗುರಿಕಾರ ಮಂಜಯ್ಯನವರು ಹೇಳುತ್ತಾ ಬಂದಿದ್ದಾರೆ.

ನೀನು ಕೇಳಿದ ಕ್ಯಾಸೆಟ್ಟು ತುಂಬಿಸಲು ನಾನು ದೋಣಿಯ ಶೆಡ್ಡಿಗೆ ಹೋದೆ. ಅದು ದೈವದ ಮನೆಯ ಹಿಂದೆಯೇ ಇದೆ, ಆ ಯೋಚನೆ ನನಗೆ ಹೊಳೆಯಲೇ ಇಲ್ಲ. ಸಂಕ್ರಮಣ ಎಂಬುದೂ ಹೊಳೆಯಲಿಲ್ಲ. ತಂಗಿ ವನಜಳ ಟೇಪ್ ರೆಕಾರ್ಡರ್ ಎದುರಿಟ್ಟು, ಕಿವಿಗೆ ವಾಕ್‌ಮನ್ ಹಾಕಿ, ಕಣ್ಣು ಮುಚ್ಚಿ ಬಿ ಸೈಡಿನ ಎರಡನೇ ಹಾಡು ಹಿಡಿದೆ. ಕಡಲಿನ ಅಬ್ಬರದಲ್ಲಿ ಯಾರಿಗೆ ಕೇಳಬೇಕು ಎಂಬ ಧೈರ್ಯ. ಆದರೆ ಅವತ್ತು ಗಾಳಿ ಬಿದ್ದುಹೋಗಿತ್ತಂತೆ, ತೆರೆಯೇ ಇರಲಿಲ್ಲವಂತೆ. ಮಂಜಯ್ಯನವರು, ಅಮ್ಮ ಎಲ್ಲ ದೈವಕ್ಕೆ ದೀಪ ಇಡಲು ಬಂದವರು ಅಲ್ಲೇ ಇದ್ದರು.

ಕಣ್ಣು ತೆರೆದರೆ ಅಮ್ಮ ನೆಲದ ಮೇಲೆ ಕೂತು ಕೈಮುಗಿದಿದ್ದಾಳೆ. “ಬಂದ್ಯಾ ಸ್ವಾಮೀ, ಎಷ್ಟ್ ಕಾಯ್ಸ್‌ದೆ ನಮ್ಮನ್” ಎಂದು ಅಳುತ್ತಿದ್ದಾಳೆ. ಮಂಜಯ್ಯನವರು ಹೆಗಲ ಮೇಲಿನ ಶಾಲು ತೆಗೆದು ಸೊಂಟಕ್ಕೆ ಕಟ್ಟಿಕೊಂಡು ನಿಂತಿದ್ದಾರೆ. ನನ್ನನ್ನು ಯಾವತ್ತೂ ‘ಹ್ವಾಯ್, ಐಸಿನ ಮಾಣಿ’ ಎಂದು ಕರೆಯುತ್ತಿದ್ದ ಮನುಷ್ಯ. ಹಿಂದಿನಿಂದ ಐತಣ್ಣ ಬಂದ. ಅವನ ಕಣ್ಣು ವಾಕ್‌ಮನ್ನಿನ ವೈರಿನ ಮೇಲೆ ಬಿತ್ತು. ಅವನು ಕಾಲಲ್ಲೇ ಒಂದು ಬಲೆಯನ್ನು ಅದರ ಮೇಲೆ ಜಾರಿಸಿ, ನನ್ನನ್ನು ಹಿಡಿದುಕೊಳ್ಳುವವನ ಹಾಗೆ ಬಗ್ಗಿ ಕಿವಿಯಲ್ಲಿ, “ಈಗ ಎಂತದೂ ಹೇಳ್ಬೇಡ. ಅಮ್ಮನ್ ಮುಖ ಕಾಣ್” ಎಂದ.

ಕಂಡೆ. ಅಪ್ಪ ಹೋದ ಮೇಲೆ ಅಮ್ಮನ ಮುಖವನ್ನು ಹಾಗೆ ನೋಡಿರಲಿಲ್ಲ.

ಈಗ ಮಂಜಯ್ಯನವರು ದಾರಿಯಲ್ಲಿ ಸಿಕ್ಕಿದರೆ “ಬನಿ, ಕೂಕಣಿ” ಎಂದು ಬಹುವಚನದಲ್ಲಿ ಮಾತಾಡಿಸುತ್ತಾರೆ. ದೈವ ಆಡಿದ ಮಾತು ಏನೂ ತಿಳಿಯಲಿಲ್ಲವಲ್ಲ ಎಂದು ಯಾರೋ ಕೇಳಿದ್ದಕ್ಕೆ, ಅದು ಬಹಳ ಹಿಂದಿನ ಕಾಲದ ಮಾತು, ನಮಗೆ ತಿಳಿಯುವಂಥದ್ದಲ್ಲ ಎಂದರಂತೆ. ವನಜಳಿಗೆ ಪೂರ್ತಿ ನಂಬಿಕೆ ಇಲ್ಲ. “ಅಣ್ಣ, ಇನ್ ಮೇಲೆ ನಿಂಗೆ ಬೈದ್ರೆ ನಂಗೆ ದೋಷ ಬತ್ತಾ?” ಎಂದು ಚುಚ್ಚುತ್ತಾಳೆ.

ನನಗೆ ಇರುವ ಭಯ ಇಷ್ಟು. ದೈವದ ಮನೆಯ ಹಿಂದೆ ನಿಂತು ನಾನು ಏನು ಕೂಗಿದೆ? ಅದು ಬೈಗಳೋ, ದೇವರನ್ನು ಹೀನ ಮಾಡಿದ್ದೋ? ಹಾಡಿನ ಪದ ಇರುವ ಆ ಕಾಗದ ನಿನ್ನ ಹತ್ತಿರ ಇದೆ. ಅರ್ಥ ನೋಡಿ ಕೂಡಲೇ ಬರೆ. ತುಂಬಿಸಿದ ಕ್ಯಾಸೆಟ್ಟನ್ನೂ ಕಳಿಸಿದ್ದೇನೆ, ಮನೆಯಲ್ಲಿಡಲು ಹೆದರಿಕೆ.

ರತನ್

—

ಮುಂಬೈ
10 ಸೆಪ್ಟೆಂಬರ್ 1998

ರತನ್,

ನಿನ್ನ ಕಾಗದ ಓದಿ ಪಾತ್ರೆ ತೊಳೆಯುವ ಜಾಗದಲ್ಲಿ ಕೂತು ನಕ್ಕದ್ದೇ ನಕ್ಕದ್ದು. ಆಮೇಲೆ ಕ್ಯಾಸೆಟ್ಟು ಹಾಕಿದೆ. ಕೊನೆಯಲ್ಲಿ ನಿನ್ನ ಅಮ್ಮ ಬಾಗಮ್ಮನ ಸ್ವರ ಸಿಕ್ಕಿದೆ. ಅದು ಕೇಳಿದ ಮೇಲೆ ನಗು ಬರಲಿಲ್ಲ.

ಹೆದರಬೇಡ, ಬೈಗಳು ಏನೂ ಇಲ್ಲ. ಹಿಮ ಬೀಳುವ ಯಾವುದೋ ಊರು. ಒಬ್ಬ ಕಾವಲುಗಾರ ಕೋಟೆಯ ಬಾಗಿಲು ಕಾಯುತ್ತಾನೆ. ಒಳಗಿನ ಜನ ಎಲ್ಲ ಊರು ಬಿಟ್ಟು ಹೋಗಿದ್ದಾರೆ, ಅವನಿಗೆ ಹೇಳಲು ಮರೆತಿದ್ದಾರೆ. ಅವನು ಯಾರಿಗೋ ಇನ್ನೂ ಕಾಯುತ್ತಾನೆ. ಇಷ್ಟೇ ಹಾಡು. ಒಳ್ಳೆಯ ಪದಗಳು, ಸತ್ಯವಾಗಿ. ಇಂಥ ಪದವನ್ನು ಆ ಸ್ವರದಲ್ಲಿ ಮುಚ್ಚಿಟ್ಟನಲ್ಲ ಎಂದು ನನಗೆ ಸಿಟ್ಟು ಬಂತು.

ಹುಡುಗರಿಗೆ ನಿನ್ನ ಸ್ವರ ತುಂಬಾ ಹಿಡಿಸಿತು. ದೀಪಾವಳಿಗೆ ಹೊರಡು. ಅದಕ್ಕೆ ಮೊದಲು ಅಮ್ಮನಿಗೆ ನಿಜ ಹೇಳಿಬಿಡು. ಪಾತ್ರಿಯಾದರೆ ಮತ್ತೆ ಊರು ಬಿಡುವಂತಿಲ್ಲ, ಸಂಕ್ರಮಣ ಸಂಕ್ರಮಣಕ್ಕೂ ಅಲ್ಲೇ ಇರಬೇಕು, ಅದು ನಿನಗೆ ಗೊತ್ತಿದೆ ತಾನೆ? ದೀಪಾವಳಿಯ ದಿನ ನಾನು ರಜೆ ಹೇಳಿ ಸ್ಟೇಷನ್ನಿಗೆ ಬರುತ್ತೇನೆ. ಬರುವಾಗ ಒಣ ಸಿಗಡಿ ತಾ.

ಸುಧೀರ್

—

ಮರವಂತೆ
14 ಅಕ್ಟೋಬರ್ 1998

ಸುಧೀರ,

ಐತಣ್ಣ ಇಲ್ಲ. ಗಂಗೊಳ್ಳಿ ಅಳಿವೆಯಲ್ಲಿ ನದಿ ಕಡಲಿಗೆ ಸೇರುವ ಜಾಗದಲ್ಲಿ ದೋಣಿ ಮಗುಚಿತು. ಜೊತೆಗಿದ್ದವರು ಈಜಿ ದಡ ಮುಟ್ಟಿದರು. ಅವನು ಮುಟ್ಟಲಿಲ್ಲ. ಹೆಣವೂ ಸಿಕ್ಕಿಲ್ಲ. ಬೈಂದೂರಿನವರೆಗೆ ಕಡಲ ಬದಿಯಲ್ಲಿ ನಡೆದು ಹುಡುಕಿದೆವು. ಕಲ್ಲುಗಳ ನಡುವೆ ಏನು ಕಪ್ಪಗೆ ಕಂಡರೂ ನಾನು ಹಿಂದೆ ನಿಲ್ಲುತ್ತಿದ್ದೆ, ಬೇರೆಯವರು ಹೋಗಿ ನೋಡಿ ಅಲ್ಲ ಎಂದು ಕೈಯಾಡಿಸುತ್ತಿದ್ದರು.

ಪುಷ್ಪಕ್ಕ ಅಳುವುದಿಲ್ಲ. ಹೆಣ ಕಾಣದೆ ಬಳೆ ತೆಗೆಯುವುದಿಲ್ಲ ಎನ್ನುತ್ತಾಳೆ. ಅವನ ತಮ್ಮಂದಿರು ಉತ್ತರಕ್ರಿಯೆ ಮಾಡಿ ಮುಗಿಸೋಣ ಎಂದರೆ ಇವಳು ಬಾಗಿಲು ಹಾಕಿಕೊಳ್ಳುತ್ತಾಳೆ. ಕೊನೆಗೆ ಮಂಜಯ್ಯನವರು, ಮುಂದಿನ ತಿಂಗಳ ಸಂಕ್ರಮಣಕ್ಕೆ ದರ್ಶನ ಇಡುವ, ದೈವವೇ ಹೇಳಲಿ ಎಂದರು. ಎಲ್ಲರೂ ಒಪ್ಪಿದರು. ಎಲ್ಲರೂ ನನ್ನ ಮುಖ ನೋಡಿದರು.

ಅಮ್ಮನಿಗೆ ನಿಜ ಹೇಳಿಲ್ಲ. ಹೇಳಲು ಕೂತೆ. ಪಾತ್ರಿಯಾದವನಿಗೆಂದು ಅವಳು ನನ್ನ ಅನ್ನದ ತಟ್ಟೆ ಬೇರೆ ಇಟ್ಟಿದ್ದಳು, ಹೊಸತು. ಅದನ್ನು ನೋಡಿ ಸುಮ್ಮನೆ ಉಂಡು ಎದ್ದೆ. ನಿಜ ಗೊತ್ತಿದ್ದವನು ಇಲ್ಲಿ ಐತಣ್ಣನೊಬ್ಬನೇ. ಈಗ ಅದೂ ನನ್ನೊಬ್ಬನ ತಲೆಯ ಮೇಲೆ.

ಇನ್ನೊಂದು ಹೇಳಬೇಕು, ತಪ್ಪು ತಿಳಿಯಬೇಡ. ನೀನು ಅರ್ಥ ಬರೆದ ಮೇಲೆ ಆ ಹಾಡು ನನಗೆ ಮೊದಲಿನ ಹಾಗೆ ಇಲ್ಲ. ಮೊದಲು ಹಾಕಿದರೆ ಅಪ್ಪ, ಐಸ್ ಪ್ಲಾಂಟು, ಶಾಲೆ ಬಿಟ್ಟ ದಿನ, ಎಲ್ಲವೂ ಅದರಲ್ಲಿ ಇರುತ್ತಿತ್ತು. ಈಗ ಒಬ್ಬ ಕಾವಲುಗಾರ ಬಂದು ನಿಲ್ಲುತ್ತಾನೆ. ನಾನು ಕಾಣದ ಹಿಮ ಬೀಳುತ್ತದೆ. ಅವನಿಗೆ ಪಾಪ ಎನಿಸುತ್ತದೆ, ಆದರೆ ನನಗೆ ಜಾಗ ಇಲ್ಲ. ಅರ್ಥ ಕೇಳಿದ್ದು ನಾನೇ, ನಿನ್ನದು ತಪ್ಪಿಲ್ಲ.

ದೀಪಾವಳಿಗೆ ಬರಲು ಆಗುವುದಿಲ್ಲ. ಪುಷ್ಪಕ್ಕನನ್ನು ಹೀಗೆ ಬಿಟ್ಟು ರೈಲು ಹತ್ತಿದರೆ ಐತಣ್ಣ ಏನೆಂದುಕೊಳ್ಳುತ್ತಾನೆ? ಅಲ್ಲಿ ನಿನಗೆ ಅಷ್ಟು ಜನ ಸ್ನೇಹಿತರಿದ್ದಾರೆ, ಅವರಿಗೆ ನನ್ನ ಪರವಾಗಿ ಹೇಳು.

ರತನ್

—

ಮುಂಬೈ
2 ನವೆಂಬರ್ 1998

ರತನ್,

ನಿನ್ನ ಕಾಗದ ಹಬ್ಬ ಕಳೆದ ಮೇಲೆ ಬಂತು. ದೀಪಾವಳಿಯ ದಿನ ಸ್ಟೇಷನ್ನಿನಲ್ಲಿದ್ದೆ. ಊರ ಕಡೆಯವರು ತುಂಬಾ ಜನ ಇಳಿದರು. ಕುಂದಾಪ್ರ ಮಾತು ಕಿವಿಗೆ ಬಿತ್ತು, ಅಷ್ಟು ಲಾಭ.

ಐತಣ್ಣನ ಸುದ್ದಿ ಓದಿದೆ. ನಾನು ಸಣ್ಣವನಿದ್ದಾಗ ಅವನು ಹೆಗಲ ಮೇಲೆ ಕೂರಿಸಿ ಸೌಪರ್ಣಿಕಾ ಹೊಳೆ ದಾಟಿಸಿದ್ದ.

ಹುಡುಗರ ಕತೆ ಬಿಡು. ಅವರು ಮಾಳಿಗೆ ಖಾಲಿ ಮಾಡಿದರು. ನಿನ್ನ ಕ್ಯಾಸೆಟ್ಟು ಅಲ್ಲೇ ಕಿಟಕಿಯ ಮೇಲೆ ಇತ್ತು, ನಾನು ಇಟ್ಟ ಹಾಗೆಯೇ, ಅವರು ಕೇಳಿಯೇ ಇಲ್ಲ. ಅವರಿಗೆ ನನ್ನ ಹೆಸರು ಗೊತ್ತಿರಲಿಲ್ಲ ರತನ್, ‘ಚಾಯ್’ ಎಂದು ಕರೆಯುತ್ತಿದ್ದರು. ನೀನಾದರೂ ಬಂದರೆ ಒಂದು ಜೊತೆಯಾಗುತ್ತದೆ ಎಂದುಕೊಂಡಿದ್ದೆ.

ಈಗೀಗ ಆ ಕ್ಯಾಸೆಟ್ಟು, ನೀನು ತುಂಬಿಸಿದ್ದು, ಹಾಕಿಕೊಂಡು ಮಲಗುತ್ತೇನೆ. ಅದರಲ್ಲಿ ಒಂದು ಪದವೂ ಸರಿ ಇಲ್ಲ.

ಸುಧೀರ್

—

ಮರವಂತೆ
21 ನವೆಂಬರ್ 1998

ಸುಧೀರ,

ನೀನು ಸ್ಟೇಷನ್ನಿನಲ್ಲಿ ನಿಂತದ್ದು ಓದಿ ಅನ್ನ ಸೇರಲಿಲ್ಲ. ಅದರ ಬಗ್ಗೆ ಬೇರೆಯಾಗಿ ಬರೆಯುತ್ತೇನೆ. ಈಗ ದರ್ಶನದ ದಿನದ್ದು ಬರೆಯದಿದ್ದರೆ ತಲೆ ಒಡೆಯುತ್ತದೆ.

ಅವತ್ತು ಬೆಳಿಗ್ಗೆ ಸ್ನಾನ ಮಾಡಿ, ಕಪ್ಪು ಕ್ಯಾಸೆಟ್ಟನ್ನು ತೆಗೆದುಕೊಂಡು ಹೋಗಿ ಕಡಲಕೊರೆತಕ್ಕೆ ಹಾಕಿದ ಕಲ್ಲುಗಳ ಮೇಲಿಂದ ನೀರಿಗೆ ಬಿಟ್ಟೆ. ಅದು ಹತ್ತಿರ ಇದ್ದರೆ ನಾನು ಅದನ್ನೇ ಕೂಗಿಬಿಡುತ್ತೇನೆ ಎಂಬ ಭಯ. ಸುಮ್ಮನೆ ನಿಲ್ಲುವುದು, ಏನೂ ಬರಲಿಲ್ಲ ಎಂದು ಹೇಳುವುದು ಎಂದು ನಿಶ್ಚಯ ಮಾಡಿದ್ದೆ. ಆಗ ಯಾರಿಗೂ ಮೋಸವಿಲ್ಲ.

ಕೈಗೆ ಅಡಿಕೆ ಹೂವಿನ ಹಿಂಗಾರ ಕೊಟ್ಟರು. ಚಂಡೆ ಸುರುವಾಯಿತು. ನಾನು ನಿಂತೇ ಇದ್ದೆ. ಎಷ್ಟು ಹೊತ್ತಾದರೂ ಏನೂ ಇಲ್ಲ. ಆಗ ಪುಷ್ಪಕ್ಕ ಎದುರು ಬಂದಳು. ಬೇಲಿಯಾಚೆಯಿಂದ ಬೈಯುತ್ತಿದ್ದವಳು ತಲೆ ತಗ್ಗಿಸಿ ಸೆರಗು ಒಡ್ಡಿ ನಿಂತಳು. “ನನ್ ಗಂಡ ಬತ್ನಾ, ಇಲ್ಯಾ? ಅಷ್ಟ್ ಹೇಳಿ ಸಾಕ್” ಎಂದಳು.

ನನಗೆ ಹೊಟ್ಟೆಯೊಳಗಿಂದ ಬಂತು. ಬಿ ಸೈಡಿನ ಎರಡನೇ ಹಾಡು, ಗಿಟಾರು ನಿಲ್ಲುವ ಜಾಗ. ಅದು ನನ್ನದೇ ಗುರುಗುಟ್ಟು, ಗುರುತಾಯಿತು. ಆದರೆ ಅದರ ಅಡಿಯಲ್ಲಿ ಇನ್ನೊಂದು ಸ್ವರ ಇತ್ತು ಸುಧೀರ. ನನ್ನದಕ್ಕಿಂತ ಇಳಿದದ್ದು, ನಿಧಾನದ್ದು. ಅದು “ಬತ್ತ” ಎಂದಿತು. ಒಂದೇ ಮಾತು, ಬರುತ್ತಾನೆ ಎಂದು. ಅಲ್ಲಿ ನಿಂತವರೆಲ್ಲ ಕೇಳಿದ್ದಾರೆ.

ಪುಷ್ಪಕ್ಕ ಅಲ್ಲೇ ಕುಸಿದು ನಕ್ಕಳು. ಈಗ ದಿನಾ ಮಧ್ಯಾಹ್ನ ಎರಡು ಎಲೆ ಹಾಕುತ್ತಾಳೆ. ಅವನ ಅಂಗಿ ಒಗೆದು ಒಣಹಾಕುತ್ತಾಳೆ. ಅವಳ ಮೈದುನಂದಿರು ನನ್ನ ಹತ್ತಿರ ಮಾತಾಡುವುದಿಲ್ಲ. ಅಮ್ಮನಿಗೆ ಮಾತ್ರ ಸಂಶಯವೇ ಇಲ್ಲ.

ನನಗೂ ಐತಣ್ಣ ಬರಬೇಕು ಎಂದು ಆಸೆ ಇತ್ತು. ಆ ಆಸೆಯೇ ಬಾಯಿಗೆ ಬಂತೋ? ಇಲ್ಲ ನಿಜವಾಗಿ ಬೇರೆ ಯಾರೋ ನುಡಿದದ್ದೋ? ಇಲ್ಲ ಹಾಡಿನಲ್ಲಿಯೇ ಆ ಜಾಗದಲ್ಲಿ ಅಡಿಯಿಂದ ಎರಡನೇ ಸ್ವರ ಇದೆಯೋ, ಅದು ನೆನಪಾಗಿ ಬಂದದ್ದೋ? ಎಷ್ಟು ನೆನಪು ಮಾಡಿದರೂ ನನಗೆ ಸಿಗುವುದಿಲ್ಲ. ಹಾಡಿನಲ್ಲಿ ಎರಡು ಸ್ವರ ಇದ್ದರೆ, ನಾನು ಮಾಡಿದ್ದು ಕ್ಯಾಸೆಟ್ಟು ಮಾಡಿದ ಕೆಲಸವೇ. ಆಗ ಪುಷ್ಪಕ್ಕನ ಕಾಲಿಗೆ ಬಿದ್ದು ಎಲ್ಲ ಹೇಳಬೇಕು. ಒಂದೇ ಸ್ವರ ಇದ್ದರೆ ನುಡಿದದ್ದು ದೈವವೇ ಎಂದು ನಾನು ಬಾಯಿ ಮುಚ್ಚಿಕೊಂಡು ಇರಬೇಕು, ಅವಳು ಕಾಯಲಿ. ಅಸಲು ಕ್ಯಾಸೆಟ್ಟು ನಿನ್ನ ಹತ್ತಿರ ಇದೆ. ಕೇಳಿ ಬರೆ.

ರತನ್

—

ಮುಂಬೈ
5 ಡಿಸೆಂಬರ್ 1998

ರತನ್,

ಒಂದೇ ಸ್ವರ. ಕ್ಯಾಸೆಟ್ಟಿನೊಳಗಿನ ಕಾಗದದಲ್ಲಿ ಹಾಡಿದವರು ಎಂದು ಒಬ್ಬನದೇ ಹೆಸರು ಇದೆ. ಜೊತೆಗೆ ಹಾಡಿದವರು ಯಾರೂ ಇಲ್ಲ.

ನೀನು ಪಾತ್ರಿ ಎಂದೇ ಇಟ್ಟುಕೋ. ಇರುವುದರಲ್ಲಿ ತಪ್ಪೇನು? ನಿನಗೆ ಕಿವಿಗೊಡುವ ಒಂದು ಊರಾದರೂ ಇದೆ. ಇನ್ನು ಈ ಸಂಗತಿ ಬರೆಯಬೇಡ.

ಸುಧೀರ್

—

ಮರವಂತೆ
13 ಡಿಸೆಂಬರ್ 1998

ಸುಧೀರ,

ಬರೆಯಬೇಡ ಎಂದಿದ್ದೀಯ, ಬರೆಯುತ್ತಿದ್ದೇನೆ. ಸಿಟ್ಟು ಮಾಡಬೇಡ.

ನಿನ್ನ ಉತ್ತರ ಬಂದ ದಿನ ನನಗೆ ಎದೆ ಹಗುರಾಯಿತು, ಸುಳ್ಳು ಹೇಳುವುದಿಲ್ಲ. ಸ್ವಲ್ಪ ಹೊತ್ತು ನಾನು ನಿಜವಾಗಿ ಪಾತ್ರಿ ಎಂದೇ ಕೂತಿದ್ದೆ. ಐತಣ್ಣ ಬಂದೇ ಬರುತ್ತಾನೆ, ದಾರಿಯಲ್ಲಿದ್ದಾನೆ ಎಂದು ರಸ್ತೆ ನೋಡಿದೆ. ಒಂದು ಕಡೆ ಕಡಲು, ಒಂದು ಕಡೆ ಹೊಳೆ, ನಡುವೆ ಬಸ್ಸುಗಳು ಹೋಗುತ್ತಾ ಇದ್ದವು.

ಆಮೇಲೆ ನಿನ್ನ ಕಾಗದವನ್ನು ಇನ್ನೊಮ್ಮೆ ಓದಿದೆ. ನೀನು ಕೇಳಿದೆ ಎಂದು ಬರೆದೇ ಇಲ್ಲ. ಹೆಸರು ನೋಡಿ ಬರೆದಿದ್ದೀಯ. ಹೌದೋ ಅಲ್ಲವೋ? ಹೆಸರು ಒಂದೇ ಇದ್ದರೂ ಅವನೇ ಎರಡು ಸಲ ಹಾಡಿ ಒಂದರ ಅಡಿಗೆ ಇನ್ನೊಂದನ್ನು ಇಟ್ಟಿರಬಹುದು. ಹಾಗೆ ಮಾಡುತ್ತಾರೆ ಎಂದು ಕುಂದಾಪುರದ ಕ್ಯಾಸೆಟ್ ಅಂಗಡಿಯವನು ಹೇಳಿದ. ಬೇರೆ ಯಾವುದೋ ಹಾಡಿನ ವಿಷಯ ಎಂದು ಸುಳ್ಳು ಹೇಳಿ ಕೇಳಿದೆ.

ನಿನ್ನೆ ಐತಣ್ಣನ ತಮ್ಮ ರಾಮ ಬಂದಿದ್ದ. ಅವನಿಗೆ ಈಗ ಸಿಟ್ಟಿಲ್ಲ, ಸೋತಿದ್ದಾನೆ. “ಅತ್ತಿಗೆ ಉಣ್ಣುದಿಲ್ಲೆ. ಎರ್ಡ್ ಎಲೆನೂ ದನಕ್ಕೆ ಹಾಕ್ತ್ರ್. ನೀ ಹೇಳಿದ್ ಮಾತ್, ನೀನೇ ದಾರಿ ಕಾಣ್” ಎಂದ. ಬರುವ ಸಂಕ್ರಮಣಕ್ಕೆ ಮತ್ತೆ ದರ್ಶನ ಇದೆ. ಅವಳು ಮತ್ತೆ ಕೇಳುತ್ತಾಳೆ. ಈ ಕಾಗದ ನಿನಗೆ ಮುಟ್ಟುವ ಮೊದಲೇ ಆ ದಿನ ಬರುತ್ತದೆ. ಅವತ್ತು ಜ್ವರ ಎಂದು ಮಲಗುತ್ತೇನೆ. ಆದರೆ ಪ್ರತಿ ತಿಂಗಳೂ ಜ್ವರ ಬರುವುದಿಲ್ಲವಲ್ಲ. ನಿನ್ನ ಉತ್ತರ ನೋಡಿಯೇ ಅವಳ ಮನೆಯ ಮೆಟ್ಟಿಲು ಹತ್ತುವುದೋ ಬಿಡುವುದೋ ನಿಶ್ಚಯ.

ಅದಕ್ಕೇ ಕೇಳುವುದು. ನೀನು ಪದ ಕೇಳುವವನು. ಅದು ತಪ್ಪಲ್ಲ, ನೀನು ಹಾಗೆ. ಇದೊಂದು ಸಲ ಮಾತ್ರ ಆ ಪದಗಳ ಕಾಗದವನ್ನು ಮಡಚಿ ಬೇರೆ ಕಡೆ ಇಡು. ಕಾವಲುಗಾರನನ್ನೂ ಹಿಮವನ್ನೂ ಬಿಟ್ಟುಬಿಡು. ಕ್ಯಾಂಟೀನಿನಲ್ಲಿ ಬೇಡ, ಖೋಲಿಯಲ್ಲಿ, ಒಬ್ಬನೇ ಇರುವಾಗ ಬಿ ಸೈಡು ಹಾಕು. ಎರಡನೇ ಹಾಡು. ಗಿಟಾರು ನಿಂತ ಮೇಲೆ ಅವನು ಮೊದಲ ಸಲ ಉಸಿರು ಎಳೆಯುವವರೆಗೆ, ಅಷ್ಟೇ. ಅಲ್ಲಿ ಅವನ ಸ್ವರದ ಅಡಿಯಲ್ಲಿ ಇನ್ನೊಂದು ಇದೆಯೋ ಇಲ್ಲವೋ, ಇನ್ನೊಮ್ಮೆ ಕೇಳಿ ನೋಡಿ ಬರೆ.

ರತನ್